ನಾವು ಹೇಳಿದ ಮಾತು ಎಲ್ಲಿಗೆ ಹೋಯಿತು?

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನ ಹಳ್ಳಿಯವಳು ನಾನು. ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದು ಸೊಂಟ, ಮಂಡಿ ಹಿಡಿದುಕೊಂಡಿವೆ. ಕೆಲವು ವರ್ಷದ ಹಿಂದೆ ಸಂಶೋಧನೆಯವರು ಬಂದು, ಮೊದಲು ಯಾವುದನ್ನು ಅಧ್ಯಯನ ಮಾಡಬೇಕು ನೀವೇ ಹೇಳಿ ಅಂದರು. ಮಕ್ಕಳ ಹಲ್ಲಿನ ಕಲೆಗಿಂತ ದುಡಿಯುವವರ ಕೀಲುನೋವು ನೋಡಿ ಅಂದೆವು. ಬರೆದುಕೊಂಡು ಹೋದವರ ಸುದ್ದಿಯೇ ಇಲ್ಲ. ಈಗ ಇನ್ನೊಂದು ತಂಡ ಬರುತ್ತದಂತೆ. ಹೋಗಬೇಕೋ, ಬೇಡವೋ?

ಉತ್ತರ: ಹೋಗಿ ಅಕ್ಕ. ಆದರೆ ಈ ಸಲ ನೀವೂ ಬರೆದುಕೊಳ್ಳಿ.

ನಿಮ್ಮ ಬೇಸರ ನ್ಯಾಯವಾದದ್ದು. ರೋಗಿಗಳು ಕೇಳುವುದು ಒಂದು, ಸಂಶೋಧನೆ ನಡೆಯುವುದು ಇನ್ನೊಂದು ಎಂಬುದು ಬೇರೆ ಕಡೆಯೂ ಕಂಡದ್ದೇ. ಮಂಡಿ ಸವೆದವರ ಬಗ್ಗೆ ಬ್ರಿಟನ್ನಿನ ಒಂದು ಅಧ್ಯಯನ 2000ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ರೋಗಿಗಳಿಗೆ ಬೇಕಿದ್ದದ್ದು ಶಸ್ತ್ರಚಿಕಿತ್ಸೆಯ, ನೋವಿನೊಂದಿಗೆ ಬದುಕುವ ತಿಳಿವಳಿಕೆಯ ಸಂಶೋಧನೆ. ನಡೆದದ್ದರಲ್ಲಿ ಬಹುಪಾಲು ಔಷಧಿಗಳ ಮೇಲೆ. 2004ರಲ್ಲಿ ಅಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಕೂಟ ಹುಟ್ಟಿತು. ಅದರಲ್ಲಿ ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಒಟ್ಟಿಗೆ ಕೂತು ಸಂಶೋಧನೆಗೆ ಮುಖ್ಯವಾದ ಹತ್ತು ಪ್ರಶ್ನೆ ಆರಿಸುತ್ತಾರೆ. ಆರಿಸಿದರೆ ಮುಗಿಯಲಿಲ್ಲ. ಆ ಪ್ರಶ್ನೆಗೆ ಹಣ ಬಂತೇ, ಉತ್ತರ ಸಿಕ್ಕಿತೇ, ಚಿಕಿತ್ಸೆ ಬದಲಾಯಿತೇ ಎಂದು ವರ್ಷಗಟ್ಟಲೆ ಬೆನ್ನುಹತ್ತುವವರು ಬೇಕು. ನಿಮ್ಮೂರಿನಲ್ಲಿ ಆ ಕೆಲಸ ನೀವೇ ಮಾಡಬೇಕಾಗಿದೆ.

ಹಳೆಯ ತಂಡದಿಂದ ಶುರುಮಾಡಿ. ಅವರು ಕೊಟ್ಟ ಒಪ್ಪಿಗೆ ಪತ್ರದ ಪ್ರತಿ ಹುಡುಕಿ. ಸಂಶೋಧಕರ, ನೈತಿಕ ಸಮಿತಿಯ ಫೋನ್ ನಂಬರ್ ಅದರಲ್ಲಿರಬೇಕು. ‘ನಮ್ಮ ಕೀಲುನೋವಿನ ಮಾತು ಏನಾಯಿತು?’ ಎಂದು ನೇರವಾಗಿ ಕೇಳಿ. ಸರ್ಕಾರಿ ಸಂಸ್ಥೆಯಾಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಹಣ ಸಿಗದೆ ನಿಂತುಹೋಯಿತು ಎಂಬ ಉತ್ತರವಾದರೂ ಸರಿ, ಎಲ್ಲಿ ನಿಂತಿತೆಂದು ಗೊತ್ತಾದರೆ ಯಾರನ್ನು ಒತ್ತಾಯಿಸಬೇಕೆಂದೂ ಗೊತ್ತಾಗುತ್ತದೆ.

ಇನ್ನು ಹಲ್ಲಿನ ವಿಚಾರ. ಅದನ್ನು ಪೂರ್ತಿ ಪಕ್ಕಕ್ಕಿಡಬೇಡಿ; ನೀರು ಸುಧಾರಿಸಿತೇ ಎಂದು ಅದೂ ಹೇಳುತ್ತದೆ, ತಡವಾಗಿಯಾದರೂ. ಬಾಯಿಯ ಮುಂದಿನ ಕಾಯಂ ಹಲ್ಲು ಒಳಗೇ ರೂಪುಗೊಳ್ಳುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ. ಹಾಗಾಗಿ ಇವತ್ತು ಒಳ್ಳೆಯ ನೀರು ಬಂದರೂ ಅದರ ಫಲ ಕಾಣುವುದು ಈಗ ಹುಟ್ಟಿದ ಮಕ್ಕಳಿಗೆ ಏಳೆಂಟು ವರ್ಷವಾದಾಗ. ಮೂತ್ರದ ಫ್ಲೋರೈಡ್ ಮಾತ್ರ ನೀರು ಬದಲಾದ ಸ್ವಲ್ಪ ಕಾಲದಲ್ಲೇ ಇಳಿಯುತ್ತದೆ. ಮೂಳೆಗೆ ಆದ ಹಾನಿ ಸರಿಹೋಗುವುದು ಕಷ್ಟ. ಅದಕ್ಕೇ ಕೀಲುನೋವನ್ನು ಅಳೆಯುವ ಅಳತೆ ಬೇರೆಯೇ ಇರಬೇಕು. ನೆಲದ ಮೇಲೆ ಕೂತು ಏಳಲು ಆಗುತ್ತದೆಯೇ, ತಿಂಗಳಲ್ಲಿ ಎಷ್ಟು ದಿನ ಕೂಲಿ ತಪ್ಪಿತು, ನೋವಿನ ಮಾತ್ರೆಗೆ ಎಷ್ಟು ಹೋಯಿತು ಎಂದು ಆರು ತಿಂಗಳಿಗೊಮ್ಮೆ ಬರೆದಿಡಿ. ಯಾವ ಪ್ರಯೋಗಾಲಯವೂ ಕೊಡದ ಲೆಕ್ಕ ಅದು.

ನೀರಿನ ಲೆಕ್ಕವನ್ನೂ ಜೊತೆಗೇ ಇಡಿ. ನದಿ ನೀರಿನ ನಲ್ಲಿ ಬಂದ ದಿನ, ಶುದ್ಧ ನೀರಿನ ಘಟಕ ಕೆಟ್ಟ ದಿನ, ರಿಪೇರಿಯಾದ ದಿನ. ಇದಿಲ್ಲದಿದ್ದರೆ ನೋವು ಕಡಿಮೆಯಾದದ್ದು ನೀರಿನಿಂದಲೋ, ಸಂಶೋಧನೆಯಿಂದ ಬಂದ ಚಿಕಿತ್ಸೆಯಿಂದಲೋ ಹೇಳಲಾಗದು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ನಮ್ಮ ದೇಶದ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸಲು ಕಲಿಸಬೇಕೆಂದಿದೆ. ನಿಮ್ಮೂರಿನಲ್ಲಿ ಅವರು ಯಾರೆಂದು ಪಂಚಾಯ್ತಿಯಲ್ಲಿ ಕೇಳಿ.

ಹೊಸ ತಂಡ ಬಂದಾಗ ಸಹಿ ಹಾಕುವ ಮೊದಲು ಎರಡು ಮಾತು ಬರೆಸಿಕೊಳ್ಳಿ: ಫಲಿತಾಂಶ ಹೇಳಲು ಯಾವಾಗ ಬರುತ್ತೀರಿ, ನಮ್ಮ ಪ್ರಶ್ನೆ ಕೈಬಿಟ್ಟರೆ ಕಾರಣ ಯಾರು ಹೇಳುತ್ತೀರಿ. ಒಪ್ಪದಿದ್ದರೆ ಸಹಿ ಹಾಕಬೇಡಿ. ಹಾಗೆ ಬೇಡವೆಂದವರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ.