ಮುಚ್ಚಿದ ಕೋಣೆಯ ಕೆಂಡ

ಬಂಗಾರಪೇಟೆಯಲ್ಲಿಯೂ ಚಿನ್ನದ ಗಣಿಯ ಊರುಗಳಲ್ಲಿಯೂ ಮಾಗಿಯ ಚಳಿ ಹಿಡಿದೊಡನೆ ಇದ್ದಲಿನ ಅಗ್ಗಿಷ್ಟಿಕೆಯು ಮನೆಯೊಳಕ್ಕೆ ಬರುವುದುಂಟು. ಹೊಗೆಯಡಗಿ ಕೆಂಡವು ನಿಗಿನಿಗಿಸುತ್ತಿರಲು ಅಪಾಯವು ಕಳೆಯಿತೆಂದು ಗೃಹಿಣಿಯು ಭಾವಿಸುವಳು. ಅದು ತಪ್ಪು. ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನು ಪ್ರಾಣವಾಯುವಿಗಿಂತ ಇನ್ನೂರು ಮಡಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುವುದರಿಂದ, ಮಲಗಿದವರು ಉಸಿರಾಡುತ್ತಿದ್ದರೂ ಮೆದುಳಿಗೆ ಪ್ರಾಣವಾಯುವು ಸಾಲದೆ ಹೋಗುವುದು.

ಗಣಿಗಳು 2001ರಲ್ಲಿ ಮುಚ್ಚುವವರೆಗೂ ಸುರಂಗದಲ್ಲಿ ದುಡಿದ ಮನೆತನಗಳಿಗೆ ಇದು ಹೊಸ ಮಾತಲ್ಲ. ಸಿಡಿಮದ್ದಿನ ಹೊಗೆಯಲ್ಲಿಯೂ ಇದೇ ಅನಿಲವುಂಟು. ಗಾಳಿಯಾಡಿ ಅದು ತೊಲಗುವತನಕ ಅತ್ತ ಹೋಗಬಾರದೆಂಬುದು ಗಣಿಕೆಲಸದ ನಿಯಮ. ಆ ಎಚ್ಚರವು ಬಾಣಂತಿಯ ಕೋಣೆಗೆ ಮಾತ್ರ ಏಕೆ ಬಾರದೋ! ಶೀತವಾದೀತೆಂದು ಕಿಟಕಿಯ ಸಂದಿಗಳಿಗೂ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡವಿಟ್ಟು, ಮೇಲೆ ಸಾಂಬ್ರಾಣಿ ಹಾಕುವರು. ಹಿರಿಯರ ಅಕ್ಕರೆಯನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ತಾಯಿಗೂ ಹಸುಗೂಸಿಗೂ ಬೆಚ್ಚನೆಯ ಕಂಬಳಿಯೇ ಲೇಸು. ಪಕ್ಕದಲ್ಲಿ ನೀರಿನ ಬಟ್ಟಲನ್ನಿಟ್ಟರೆ ವಿಷವು ಇಂಗುವುದೆಂಬುದು ಬರಿಯ ಭ್ರಮೆ. ಕೆಂಡವನ್ನು ಮಲಗುವ ಮುನ್ನ ಹೊರಗೇ ಇಡತಕ್ಕದ್ದು.

ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರಿಗೂ ಇದೇ ಮಾತು ಸಲ್ಲುವುದು. ಅದನ್ನು ಹೊರಗೋಡೆಗೆ ಹಾಕಿಸಿರಿ.

ಮನೆಯಲ್ಲಿ ಹಲವರಿಗೆ ಒಮ್ಮೆಗೇ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ, ಹೊರಗೆ ಹೋದಾಗ ಕಡಿಮೆಯಾದರೆ, ಈ ಅನಿಲವನ್ನೇ ಶಂಕಿಸಿರಿ. ಎಲ್ಲರನ್ನೂ ಬಯಲಿಗೆ ತಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕೋಣೆಯಲ್ಲಿ ಕೆಂಡವಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಿರಿ. ಇಲ್ಲವಾದರೆ ಅಜೀರ್ಣವೆಂದು ಎಣಿಸುವ ಸಂಭವವುಂಟು.