ಕೆಂಪು ನದಿಯ ಕಲ್ಲುಕೋಟೆ ಮತ್ತು ಮೇಟಿ ಜನಾಂಗ

ಕೆನಡಾ ದೇಶದ ಮನಿಟೋಬ ಪ್ರಾಂತದಲ್ಲಿ, ವಿನಿಪೆಗ್ ನಗರದ ಉತ್ತರಕ್ಕೆ, ಕೆಂಪು ನದಿಯ ಪಶ್ಚಿಮ ತಟದಲ್ಲಿ ಸುಣ್ಣಕಲ್ಲಿನ ಪ್ರಾಕಾರವುಳ್ಳ ಕೋಟೆಯೊಂದು ಉಂಟು. ಲೋಯರ್ ಫೋರ್ಟ್ ಗ್ಯಾರಿ, ಎಂದರೆ ಕೆಳಗಣ ಗ್ಯಾರಿ ಕೋಟೆ, ಎಂಬುದು ಅದರ ಅಭಿಧಾನ. ಕೋಟೆಯೆಂದೊಡನೆ ಮುತ್ತಿಗೆ, ಕಾಳಗಗಳು ನೆನಪಾಗುವುದು ಸಹಜ. ಇದಾದರೋ ವ್ಯಾಪಾರಕ್ಕಾಗಿ ಎದ್ದುದು. ಇಂಗ್ಲೆಂಡಿನ ಅರಸನಿಂದ 1670ರಲ್ಲಿ ಸನ್ನದು ಪಡೆದ ಹಡ್ಸನ್ ಬೇ ಕಂಪನಿಯು ಯೂರೋಪಿನ ಟೋಪಿಗಳಿಗೆ ಬೇಕಾದ ಬೀವರ್ ಪ್ರಾಣಿಯ ತುಪ್ಪುಳನ್ನು ಈ ಸೀಮೆಯಿಂದ ಸಾಗಿಸುತ್ತಿತ್ತು. 1826ರ ಮಹಾಪ್ರವಾಹದಲ್ಲಿ ಮೇಲಣ ಕೋಟೆ ಹಾನಿಗೊಂಡಿತು. ಗವರ್ನರ್ ಜಾರ್ಜ್ ಸಿಂಪ್ಸನ್ 1830ರಲ್ಲಿ ಎತ್ತರದ ದಡವನ್ನಾರಿಸಿ ಈ ಹೊಸ ಕೋಟೆಯ ಕೆಲಸವನ್ನು ತೊಡಗಿಸಿದನು.

ಈ ವ್ಯಾಪಾರದ ಮಡಿಲಲ್ಲಿ ಹುಟ್ಟಿದುದೇ ಮೇಟಿ ಜನಾಂಗ. ಕನ್ನಡದ ‘ಮೇಟಿ’ಗೂ ಇದಕ್ಕೂ ಸಂಬಂಧವಿಲ್ಲ. ಇದು ಫ್ರೆಂಚ್ ಶಬ್ದ. ಮೂಲವು ಲ್ಯಾಟಿನ್, ಸಂಸ್ಕೃತದ ‘ಮಿಶ್ರ’ಕ್ಕೆ ಜ್ಞಾತಿ. ಫ್ರೆಂಚ್ ಹಾಗೂ ಸ್ಕಾಟ್ ವರ್ತಕರು ಕ್ರೀ, ಓಜಿಬ್ವೆ ಮೊದಲಾದ ಮೂಲನಿವಾಸಿಗಳ ಕನ್ಯೆಯರನ್ನು ಪಾದ್ರಿಯಿಲ್ಲದೆ, ನಾಡ ರೂಢಿಯಂತೆ ವರಿಸಿದರು. ಚರ್ಮ ಹದಮಾಡುವುದು, ಹಿಮಪಾದುಕೆ ಹೆಣೆಯುವುದು, ದುಭಾಷಿಯಾಗಿ ನಿಲ್ಲುವುದು, ಎಲ್ಲವೂ ಆ ಸ್ತ್ರೀಯರಿಂದಲೇ. ಅವರ ಸಂತತಿಯವರು ಕಾಡೆಮ್ಮೆಯ ಒಣಮಾಂಸವನ್ನು ಕುಟ್ಟಿ ಕೊಬ್ಬು ಬೆರೆಸಿ ಪೆಮ್ಮಿಕನ್ ಎಂಬ ಬುತ್ತಿಯನ್ನು ಸಿದ್ಧಪಡಿಸಿದರು. ಕಬ್ಬಿಣದ ಮೊಳೆಯೊಂದೂ ಇಲ್ಲದ ಮರದ ಗಾಡಿಗಳನ್ನು ಹೂಡಿದರು. ಕಂಪನಿಯ ದೋಣಿಗಳು ಸಾಗಿದ್ದು ಈ ಬುತ್ತಿಯ ಬಲದಿಂದಲೇ ಎಂದರೆ ಅತ್ಯುಕ್ತಿಯಲ್ಲ.

ಕೋಟೆಯೊಳಗಣ ಹಿರಿಯ ಮನೆಯ ವೃತ್ತಾಂತ ಮನಕಲಕುವಂಥದು. ಮಿಶ್ರಮೂಲದ ಮಾರ್ಗರೆಟ್ ಟೇಲರ್ ಎಂಬಾಕೆಯಲ್ಲಿ ಸಿಂಪ್ಸನ್‌ನಿಗೆ ಇಬ್ಬರು ಗಂಡುಮಕ್ಕಳಿದ್ದರು. ಆದರೂ ಅವನು 1830ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಬಂಧುವಾದ ಫ್ರಾನ್ಸಿಸಳನ್ನು ವಿವಾಹವಾಗಿ ಕರೆತಂದನು. ಮಾರ್ಗರೆಟಳನ್ನು ಅಮಾಬ್ಲ್ ಹೋಗ್ ಎಂಬವನಿಗೆ ಕೊಟ್ಟು ಮದುವೆ ಮಾಡಲಾಯಿತು. ಅವನೋ, ಹೊಸ ಕೋಟೆಯ ಕಲ್ಲುಕೆಲಸದಲ್ಲಿದ್ದವನು! ಫ್ರಾನ್ಸಿಸ್ 1833ರಲ್ಲಿ ಸ್ವದೇಶಕ್ಕೆ ಮರಳಿದಳು. ಮಾರ್ಗರೆಟ್ ಕೆಂಪು ನದಿಯ ಸೀಮೆಯಲ್ಲೇ ಬಾಳಿದಳು.

ಮುಂದೆ ಕಂಪನಿಯು ಈ ನಾಡನ್ನು ನಿವಾಸಿಗಳನ್ನು ಕೇಳದೆಯೇ ಕೆನಡಾಕ್ಕೆ ಒಪ್ಪಿಸಹೊರಟಾಗ, 1869ರಲ್ಲಿ ಲೂಯಿ ರಿಯೆಲ್‌ನ ನಾಯಕತ್ವದಲ್ಲಿ ಮೇಟಿಗಳು ಪ್ರತಿಭಟಿಸಿದರು. ಫಲವಾಗಿ 1870ರ ಮನಿಟೋಬ ಶಾಸನವು ಮೇಟಿ ಮಕ್ಕಳಿಗೆ 14 ಲಕ್ಷ ಎಕರೆ ಭೂಮಿಯನ್ನು ವಿಧಿಸಿತು. ವಾಗ್ದಾನವು ಯಥೋಚಿತವಾಗಿ ನೆರವೇರಲಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2013ರಲ್ಲಿ! ರಿಯೆಲ್‌ನನ್ನಾದರೋ 1885ರಲ್ಲೇ ಗಲ್ಲಿಗೇರಿಸಲಾಗಿತ್ತು. 1871ರ ಆಗಸ್ಟ್ 3ರಂದು ಮೂಲನಿವಾಸಿಗಳೊಡನೆ ಮೊದಲ ಸಂಖ್ಯೆಯ ಒಪ್ಪಂದ ನಡೆದುದು ಈ ಕೋಟೆಯಲ್ಲಿಯೇ. 1951ರಲ್ಲಿ ಕಂಪನಿಯು ಕೋಟೆಯನ್ನು ಸರ್ಕಾರಕ್ಕೆ ಒಪ್ಪಿಸಿತು. ಅಂದಿನಿಂದ ಅದು ರಾಷ್ಟ್ರೀಯ ಸ್ಮಾರಕವಾಗಿ ರಕ್ಷಿತವಾಗಿದೆ.

ಭಾಷಾಭ್ಯಾಸಿಗಳಿಗೆ ಕಲ್ಲಿಗಿಂತ ಮೇಟಿಗಳ ನುಡಿಯಾದ ಮಿಚಿಫ್ ಹೆಚ್ಚು ಬೆಲೆಯುಳ್ಳದ್ದು. ಅದರಲ್ಲಿ ನಾಮಪದಗಳು ಬಹುಮಟ್ಟಿಗೆ ಫ್ರೆಂಚ್, ಕ್ರಿಯಾಪದಗಳು ಕ್ರೀ. ಕನ್ನಡವೂ ಸಂಸ್ಕೃತದ ನಾಮಪದಗಳನ್ನು ಹೇರಳವಾಗಿ ಸ್ವೀಕರಿಸಿದೆ. ಆದರೆ ಅವುಗಳಿಗೆ ತನ್ನ ವಿಭಕ್ತಿಪ್ರತ್ಯಯಗಳನ್ನು ಹಚ್ಚಿ ತನ್ನವಾಗಿಸಿಕೊಂಡಿತು. ಮಿಚಿಫ್ ಹಾಗಲ್ಲ. ಫ್ರೆಂಚ್ ಪದವು ತನ್ನ ಲಿಂಗಭೇದದೊಡನೆಯೇ ಬಂದು ಕೂರುತ್ತದೆ. ಕ್ರೀ ಕ್ರಿಯಾಪದವು ಕರ್ತೃಕರ್ಮಗಳೆರಡರ ಗುರುತನ್ನೂ ಒಡಲಲ್ಲಿ ಹೊತ್ತು ನಿಲ್ಲುತ್ತದೆ. ತಂದೆಯ ವ್ಯಾಕರಣವನ್ನೂ ತಾಯಿಯ ವ್ಯಾಕರಣವನ್ನೂ ಕೆಡಿಸದೆ ಉಳಿಸಿಕೊಂಡ ಇಂಥ ಭಾಷೆ ಲೋಕದಲ್ಲಿ ಅತಿ ವಿರಳ. ಈಗ ಅದನ್ನು ಆಡುವವರು ಕೆಲವರೇ, ಬಹುತೇಕ ವೃದ್ಧರು. ಪ್ಯಾಟ್ಲೈನ್ ಲಾವರ್ಡ್ಯೂರ್ ಮತ್ತು ಐಡಾ ರೋಸ್ ಅಲಾರ್ಡ್ ಎಂಬ ಇಬ್ಬರು ಮಹಿಳೆಯರು ರಚಿಸಿದ ಮಿಚಿಫ್ ನಿಘಂಟು 1983ರಲ್ಲಿ ವಿನಿಪೆಗ್‌ನಲ್ಲಿ ಅಚ್ಚಾಯಿತು. ಪ್ರಕಟಿಸಿದ ಸಂಸ್ಥೆಯ ಹೆಸರು ಪೆಮ್ಮಿಕನ್.