ಚಿತ್ರ ಚೌಕಟ್ಟಿನ ಉದ್ಯಮ: ಅಳತೆ, ವೆಚ್ಚ ಮತ್ತು ಹೊಣೆಗಾರಿಕೆ

ಪೀಠಿಕೆ

ಚಿತ್ರಪಟಗಳಿಗೆ ಕಟ್ಟು ಹಾಕುವ ವೃತ್ತಿಯು ನಮ್ಮ ನಾಡಿನ ಪೇಟೆಬೀದಿಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ದೇವರ ಚಿತ್ರಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ, ಅರಮನೆ ಮತ್ತು ಶ್ರೀಮಂತರ ಮನೆಗಳಿಗೆ ಸೀಮಿತವಾಗಿದ್ದ ಚಿತ್ರವು ಸಾಮಾನ್ಯರ ಗೋಡೆಗೂ ಬಂದಿತು. ಚಿತ್ರ ಬಂದಲ್ಲೆಲ್ಲ ಗಾಜು ಮತ್ತು ಕಟ್ಟಿನ ಅಂಗಡಿಯೂ ಬಂದಿತು. ಇಂದು ದೇವರ ಪಟ, ಹಿರಿಯರ ಭಾವಚಿತ್ರ, ವಿವಾಹದ ಛಾಯಾಚಿತ್ರ, ಸನ್ಮಾನಪತ್ರ, ಮೈಸೂರು ಸಾಂಪ್ರದಾಯಿಕ ಚಿತ್ರ ಎಲ್ಲವೂ ಇದೇ ಅಂಗಡಿಯ ಮೇಜಿನ ಮೇಲೆ ಹಾದುಹೋಗುತ್ತವೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಂತಹ ಸಂದರ್ಭಗಳಲ್ಲಿ ಕೊಂಡ ಕೃತಿಗಳೂ ಅನೇಕ ಬಾರಿ ಕಟ್ಟಿಲ್ಲದೆಯೇ ಮನೆಗೆ ಬರುತ್ತವೆ.

ಇಷ್ಟಾದರೂ ಈ ವೃತ್ತಿಯಲ್ಲಿರುವ ಹಲವರ ಅನುಭವ ಒಂದೇ: ಅಂಗಡಿಯಲ್ಲಿ ಸದಾ ಕೆಲಸವಿರುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ. ಇದಕ್ಕೆ ಗಿರಾಕಿಯ ಚೌಕಾಶಿಯನ್ನು ದೂರುವುದು ವಾಡಿಕೆ. ವಾಸ್ತವವಾಗಿ ದೋಷವು ಬಹುಮಟ್ಟಿಗೆ ಅಳತೆಪಟ್ಟಿಯಲ್ಲಿಯೂ ಲೆಕ್ಕದ ಪುಸ್ತಕದಲ್ಲಿಯೂ ಇರುತ್ತದೆ. ಅದನ್ನು ಕ್ರಮವಾಗಿ ಪರಿಶೀಲಿಸುವುದೇ ಈ ಪಾಠದ ಉದ್ದೇಶ.

ಮೌಲ್ಡಿಂಗ್ ಪಟ್ಟಿಯ ನಿಜವಾದ ಅಳತೆ

12 ಅಂಗುಲ ಅಗಲ, 18 ಅಂಗುಲ ಎತ್ತರದ ಒಂದು ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸುತ್ತಳತೆ 60 ಅಂಗುಲ, ಅಂದರೆ 5 ಅಡಿ. ಅನೇಕ ಅಂಗಡಿಗಳಲ್ಲಿ ಈ 5 ಅಡಿಗೇ ದರ ಹೇಳಿಬಿಡುತ್ತಾರೆ. ಆದರೆ ಚಿತ್ರದ ಸುತ್ತ 2 ಅಂಗುಲದ ಮೌಂಟ್ ಹಾಕಿದರೆ ಚೌಕಟ್ಟಿನ ಒಳಅಳತೆ 16 × 22 ಅಂಗುಲವಾಗುತ್ತದೆ. ಸುತ್ತಳತೆ 76 ಅಂಗುಲಕ್ಕೆ ಏರುತ್ತದೆ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಪ್ರತಿಯೊಂದು ಬದಿಯ ಎರಡು ತುದಿಗಳನ್ನೂ 45 ಡಿಗ್ರಿಗೆ ಕೊಯ್ಯಬೇಕಾದುದರಿಂದ ಪ್ರತಿ ತುದಿಯಲ್ಲಿ ಪಟ್ಟಿಯ ಅಗಲದಷ್ಟು ಹೆಚ್ಚುವರಿ ಉದ್ದ ಬೇಕು. ನಾಲ್ಕು ಬದಿಗೆ ಎಂಟು ತುದಿಗಳು. ಆದುದರಿಂದ ಸೂತ್ರ ಹೀಗೆ: ಒಳ ಸುತ್ತಳತೆಗೆ ಪಟ್ಟಿಯ ಅಗಲದ ಎಂಟರಷ್ಟನ್ನು ಕೂಡಿಸಬೇಕು. ಪಟ್ಟಿಯ ಅಗಲ ಒಂದೂವರೆ ಅಂಗುಲವಾದರೆ 12 ಅಂಗುಲ ಸೇರಿ ಒಟ್ಟು 88 ಅಂಗುಲ. ಗರಗಸದ ಅಲಗು ತಿನ್ನುವ ಭಾಗವನ್ನೂ ಸೇರಿಸಿದರೆ ಏಳೂವರೆ ಅಡಿ. ಐದು ಅಡಿಗೆ ದರ ಹೇಳಿದವನು ಎರಡೂವರೆ ಅಡಿ ಪಟ್ಟಿಯನ್ನು ಗಿರಾಕಿಗೆ ಉಚಿತವಾಗಿ ಕೊಟ್ಟಂತಾಯಿತು. ಪಟ್ಟಿ ಅಗಲವಾದಷ್ಟೂ ಈ ನಷ್ಟ ಹೆಚ್ಚುತ್ತದೆ.

ಮೌಂಟ್ ಬೋರ್ಡಿನಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. 32 × 40 ಅಂಗುಲದ ಹಾಳೆಯ ಬೆಲೆ 240 ರೂಪಾಯಿ ಎಂದಿಟ್ಟುಕೊಂಡರೆ, ವಿಸ್ತೀರ್ಣದ ಲೆಕ್ಕದಲ್ಲಿ 16 × 22ರ ತುಂಡಿಗೆ 66 ರೂಪಾಯಿ ಬೀಳುತ್ತದೆ. ಆದರೆ ಆ ಹಾಳೆಯಲ್ಲಿ ಅಂತಹ ಮೂರು ತುಂಡುಗಳು ಮಾತ್ರ ಬರುತ್ತವೆ. ನೈಜ ವೆಚ್ಚ 80 ರೂಪಾಯಿ. ವಿಸ್ತೀರ್ಣದಿಂದಲ್ಲ, ಹಾಳೆಯಿಂದ ಬರುವ ತುಂಡುಗಳ ಸಂಖ್ಯೆಯಿಂದ ಬೆಲೆ ಕಟ್ಟಬೇಕು.

ಒಂದು ಗಂಟೆಯ ಬೆಲೆ

ಸಾಮಗ್ರಿಯ ನಂತರ ಬರುವುದು ಶ್ರಮದ ಬೆಲೆ. ಜಿಲ್ಲಾ ಕೇಂದ್ರವೊಂದರಲ್ಲಿ ಇಬ್ಬರು ಕೆಲಸಗಾರರಿರುವ ಅಂಗಡಿಯ ತಿಂಗಳ ಖರ್ಚನ್ನು, ಕೇವಲ ಉದಾಹರಣೆಗಾಗಿ, ಹೀಗೆ ಭಾವಿಸಬಹುದು: ಬಾಡಿಗೆ 15,000, ಕೆಲಸಗಾರರ ಸಂಬಳ 36,000, ವಿದ್ಯುತ್ ಮತ್ತು ದೂರವಾಣಿ 3,000, ಯಂತ್ರದ ದುರಸ್ತಿ ಮತ್ತು ಸವಕಳಿ 4,000, ಸಾಲದ ಬಡ್ಡಿ 2,000, ಮಾಲೀಕನ ಸಂಬಳ 30,000. ಒಟ್ಟು 90,000 ರೂಪಾಯಿ.

ಮಾಲೀಕನ ಸಂಬಳವನ್ನು ಇಲ್ಲಿ ಸೇರಿಸಿರುವುದನ್ನು ಗಮನಿಸಬೇಕು. ಅದನ್ನು ಖರ್ಚಿಗೆ ಹಿಡಿಯದೆ, ಉಳಿದದ್ದೆಲ್ಲ ತನ್ನದೆಂದು ಭಾವಿಸುವ ಪದ್ಧತಿಯು ಸಣ್ಣ ಉದ್ಯಮಗಳ ಅತ್ಯಂತ ಹಳೆಯ ತಪ್ಪು. ಬೇರೆಡೆ ದುಡಿದಿದ್ದರೆ ಆತನಿಗೆ ದೊರೆಯುತ್ತಿದ್ದ ಸಂಬಳವೇ ಇಲ್ಲಿನ ಅವನ ಶ್ರಮದ ಕನಿಷ್ಠ ಬೆಲೆ.

ಇಬ್ಬರು ಕೆಲಸಗಾರರು 25 ದಿನ, ದಿನಕ್ಕೆ 8 ಗಂಟೆ ದುಡಿದರೆ 400 ಗಂಟೆ. ಆದರೆ ಸಾಮಾನು ತರುವುದು, ಗಿರಾಕಿಗಳಿಗೆ ಮಾದರಿ ತೋರಿಸುವುದು, ಗುಡಿಸುವುದು ಇವೆಲ್ಲ ಕಳೆದು ಮೇಜಿನ ಮೇಲೆ ನಿಜವಾಗಿ ಕೆಲಸ ಸಾಗುವುದು 240 ಗಂಟೆಯೆಂದಿಟ್ಟುಕೊಂಡು, ಮಾಲೀಕನ 60 ಗಂಟೆ ಸೇರಿಸಿದರೆ 300 ಗಂಟೆ. 90,000ವನ್ನು 300ರಿಂದ ಭಾಗಿಸಿದರೆ ಗಂಟೆಗೆ 300 ರೂಪಾಯಿ. ಅಳತೆ ತೆಗೆಯುವುದರಿಂದ ಕಟ್ಟಿ ಕೊಡುವವರೆಗೆ ಮೇಲಿನ ಚಿತ್ರಕ್ಕೆ 75 ನಿಮಿಷ ಬೇಕಾದರೆ ಶ್ರಮದ ವೆಚ್ಚ 375 ರೂಪಾಯಿ.

ವೆಚ್ಚದ ಪಟ್ಟಿ

ಮೇಲಿನ ಚಿತ್ರಕ್ಕೆ ಊಹಿತ ದರಗಳಲ್ಲಿ ವೆಚ್ಚದ ಪಟ್ಟಿಯನ್ನು ಹೀಗೆ ತಯಾರಿಸಬಹುದು:

ಮೌಲ್ಡಿಂಗ್ ಪಟ್ಟಿ, ಏಳೂವರೆ ಅಡಿ, ಅಡಿಗೆ 40ರಂತೆ — 300
ಉಳಿಕೆ ತುಂಡುಗಳ ನಷ್ಟಕ್ಕೆ ಶೇ. 15 — 45
ಮೌಂಟ್ ಬೋರ್ಡ್ — 80
ಗಾಜು, ಎರಡೂವರೆ ಚದರಡಿ, 40ರಂತೆ — 100
ಗಾಜು ಒಡೆಯುವ ನಷ್ಟಕ್ಕೆ ಶೇ. 10 — 10
ಹಿಂಬದಿಯ ಹಲಗೆ, 24ರಂತೆ — 60
ಮೊಳೆ, ಅಂಟುಪಟ್ಟಿ, ಕೊಕ್ಕೆ, ದಾರ — 25
ಸಾಮಗ್ರಿಯ ಮೊತ್ತ — 620
ಶ್ರಮ ಮತ್ತು ಅಂಗಡಿಯ ಖರ್ಚು — 375
ಒಟ್ಟು ವೆಚ್ಚ — 995 ರೂಪಾಯಿ

ಇದರ ಮೇಲೆ ಶೇ. 15 ಲಾಭವಿಟ್ಟರೆ ತೆರಿಗೆಗೆ ಮುನ್ನ ಸುಮಾರು 1,145 ರೂಪಾಯಿ ಆಗುತ್ತದೆ.

ಇದೀಗ ರೂಢಿಯ ಲೆಕ್ಕವನ್ನು ನೋಡಬಹುದು. ಚಿತ್ರದ ಅಳತೆಗಷ್ಟೇ ಪಟ್ಟಿ 200, ಗಾಜು 60, ಹಲಗೆ 36, ಮೌಂಟ್ 40, ಒಟ್ಟು 336. ಅದನ್ನು ಎರಡು ಪಟ್ಟು ಮಾಡಿ 672 ರೂಪಾಯಿ ಹೇಳಿದ ಮಾಲೀಕನು ಅರ್ಧಕ್ಕರ್ಧ ಲಾಭವಾಯಿತೆಂದು ನಂಬುತ್ತಾನೆ. ಆದರೆ ಸಾಮಗ್ರಿಗೇ 620 ಹೋಗಿದೆ. 75 ನಿಮಿಷದ ದುಡಿಮೆಗೆ ಉಳಿದದ್ದು 52 ರೂಪಾಯಿ. ತಿಂಗಳ 300 ಗಂಟೆಗಳಲ್ಲಿ ಇಂತಹ 240 ಚಿತ್ರಗಳನ್ನು ಮುಗಿಸಿದರೂ ಕೈಗೆ ಬರುವುದು 12,480 ರೂಪಾಯಿ. ಅಂಗಡಿಯ ಬಾಡಿಗೆಗೂ ಸಾಲದು. ಇಂತಹ ಅಂಗಡಿಯಲ್ಲಿ ಕೆಲಸ ಹೆಚ್ಚಿದಷ್ಟೂ ಸಾಲ ಹೆಚ್ಚುತ್ತದೆ.

ಮರುಕೆಲಸವನ್ನು ತಪ್ಪಿಸುವ ತಾಂತ್ರಿಕ ಕ್ರಮಗಳು

ಒಮ್ಮೆ ಮಾಡಿದ ಕೆಲಸವನ್ನು ಪುನಃ ಮಾಡಬೇಕಾಗಿ ಬಂದರೆ ಲಾಭವೆಲ್ಲವೂ ಕೊಚ್ಚಿಹೋಗುತ್ತದೆ. ಆದುದರಿಂದ ಕೆಳಗಿನ ಅಂಶಗಳು ಕುಶಲತೆಗೆ ಮಾತ್ರವಲ್ಲ, ಲೆಕ್ಕಕ್ಕೂ ಸಂಬಂಧಿಸಿವೆ.

1. ಪ್ರತಿ ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಎಂಟು ಕೊಯ್ತಗಳಿಂದ ಒಟ್ಟು 4 ಡಿಗ್ರಿಯ ತಪ್ಪಾಗಿ, ಕೊನೆಯ ಮೂಲೆ ಬಾಯಿ ಬಿಡುತ್ತದೆ. ಯಂತ್ರದ ಕೋನವನ್ನು ನಿಯತವಾಗಿ ಪರೀಕ್ಷಿಸತಕ್ಕದ್ದು. ಎದುರುಬದುರು ಬದಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರಬೇಕು. ಜೋಡಿಸಿದ ಬಳಿಕ ಎರಡು ಕರ್ಣಗಳನ್ನು ಅಳೆದರೆ ಚೌಕ ಸರಿಯಿದೆಯೇ ಎಂಬುದು ತಿಳಿಯುತ್ತದೆ.

2. ಛಾಯಾಚಿತ್ರವು ಗಾಜಿಗೆ ತಾಗಬಾರದು. ತೇವ ಹಿಡಿದಾಗ ಚಿತ್ರದ ಮೇಲ್ಪದರವು ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಮೌಂಟ್ ಬೋರ್ಡಿನ ಮುಖ್ಯ ಪ್ರಯೋಜನ ಅಲಂಕಾರವಲ್ಲ, ಈ ಅಂತರವೇ. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಚಿಕ್ಕ ರಬ್ಬರ್ ಗುಂಡಿಗಳನ್ನು ಅಂಟಿಸಿದರೆ ಗೋಡೆಯ ತೇವ ನೇರವಾಗಿ ತಾಗದೆ ಗಾಳಿ ಆಡುತ್ತದೆ.

3. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಉಬ್ಬುಗೆಲಸದ ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ಗಾಜು ಅದನ್ನು ಒತ್ತಿದರೆ ಹಾನಿ ಸರಿಪಡಿಸಲಾಗದು. ಇವುಗಳಿಗೆ ಆಳವುಳ್ಳ ಪಟ್ಟಿಯನ್ನು ಆರಿಸಿ, ಗಾಜು ಮತ್ತು ಚಿತ್ರದ ನಡುವೆ ಅಂತರಪಟ್ಟಿ ಕೂರಿಸಬೇಕು.

4. ಮೂಲಕೃತಿಯನ್ನು ಅಂಟಿನಿಂದಾಗಲಿ ಎರಡೂ ಬದಿ ಅಂಟುವ ಟೇಪಿನಿಂದಾಗಲಿ ಹಲಗೆಗೆ ಅಂಟಿಸಬಾರದು. ತೆಳುವಾದ ಜಪಾನಿ ಕಾಗದದ ಕೀಲುಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿದರೆ, ಮುಂದೆ ನೀರಿನ ತೇವದಿಂದ ಬಿಡಿಸಬಹುದು. ಹಿಂದೆ ವೃತ್ತಪತ್ರಿಕೆ ಅಥವಾ ಸಾಧಾರಣ ರಟ್ಟು ಇಟ್ಟರೆ ಅದರ ಆಮ್ಲದಿಂದ ಕಾಗದವು ಹಳದಿಗಟ್ಟುತ್ತದೆ. ಬೆಲೆಬಾಳುವ ಕೃತಿಗೆ ಆಮ್ಲರಹಿತ ಬೋರ್ಡನ್ನೇ ಬಳಸಬೇಕು.

5. ದೊಡ್ಡ ಚಿತ್ರಗಳಿಗೆ ಭಾರ ಕಡಿಮೆಯಿರುವ ಅಕ್ರಿಲಿಕ್ ಹಾಳೆ ಅನುಕೂಲ. ಆದರೆ ಅದು ಸ್ಥಿರ ವಿದ್ಯುತ್ತಿನಿಂದ ಪುಡಿಯನ್ನು ಸೆಳೆಯುವುದರಿಂದ ಇದ್ದಿಲು ಮತ್ತು ಪೇಸ್ಟಲ್ ಚಿತ್ರಗಳಿಗೆ ಸಲ್ಲದು.

ದಾಸ್ತಾನು

ಗೋಡೆಯ ತುಂಬ ಮೂಲೆ ಮಾದರಿಗಳನ್ನು ತೂಗುಹಾಕುವುದು ಬೇರೆ, ಅಷ್ಟೂ ಬಗೆಯ ಪಟ್ಟಿಗಳನ್ನು ಕೊಂಡಿಡುವುದು ಬೇರೆ. ಬೇಗ ಮಾರಾಟವಾಗುವ ಕೆಲವು ಮಾದರಿಗಳನ್ನು ಮಾತ್ರ ದಾಸ್ತಾನು ಮಾಡಿ, ಉಳಿದವನ್ನು ಮುಂಗಡ ಪಡೆದ ಮೇಲೆ ತರಿಸುವುದು ವಿವೇಕ. ಆರು ತಿಂಗಳು ಅಲುಗದ ಪಟ್ಟಿಯು ಮೂಲೆಯಲ್ಲಿ ನಿಂತಿರುವ ನಗದೇ ಸರಿ.

ಉಳಿಕೆ ತುಂಡುಗಳನ್ನು ಮಾದರಿವಾರು ಕಟ್ಟಿ, ಉದ್ದವನ್ನು ಬರೆದಿಡಬೇಕು. ಹತ್ತು ಅಡಿಯ ಪಟ್ಟಿಯಿಂದ ಏಳೂವರೆ ಅಡಿ ಕಳೆದರೆ ಉಳಿಯುವುದು 30 ಅಂಗುಲ. ಒಂದು ತುಂಡಿನಿಂದ ಹೆಚ್ಚೇನೂ ಆಗದು. ಅದೇ ಮಾದರಿಯ ಎರಡು ತುಂಡುಗಳಿದ್ದರೆ, ಒಂದೊಂದರಲ್ಲಿ 13 ಮತ್ತು 11 ಅಂಗುಲದ ಎರಡೆರಡು ಬದಿಗಳು ಬಂದು, 8 × 10 ಅಂಗುಲದ ಒಂದು ಸಿದ್ಧ ಚೌಕಟ್ಟು ತಯಾರಾಗುತ್ತದೆ. ಬಿಡುವಿನ ವೇಳೆಯಲ್ಲಿ ಮಾಡಿಟ್ಟ ಇಂತಹ ಚೌಕಟ್ಟುಗಳು ಗೃಹಪ್ರವೇಶ ಮತ್ತು ಮದುವೆಯ ದಿನಗಳಲ್ಲಿ ಉಡುಗೊರೆಯಾಗಿ ಮಾರಾಟವಾಗುತ್ತವೆ.

ಗಿರಾಕಿಯ ವಸ್ತು ಮತ್ತು ಕಾನೂನು

ತೀರಿಹೋದ ತಂದೆಯ ಏಕೈಕ ಛಾಯಾಚಿತ್ರವನ್ನು ಅಂಗಡಿಗೆ ಒಪ್ಪಿಸುವವನು ಅದರ ಬೆಲೆಯನ್ನು ರೂಪಾಯಿಯಲ್ಲಿ ಹೇಳಲಾರ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ, ಹೀಗೆ ಒಪ್ಪಿಸಿಕೊಂಡ ವಸ್ತುವನ್ನು ಸಾಧಾರಣ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳಬೇಕೆಂದು 151ನೆಯ ಕಲಮು ವಿಧಿಸುತ್ತದೆ. ಆದುದರಿಂದ ಚಿತ್ರವನ್ನು ಪಡೆಯುವಾಗಲೇ ಗಿರಾಕಿಯ ಎದುರಿನಲ್ಲಿ ಅದರಲ್ಲಿರುವ ಹರಕು, ಕಲೆ, ಮಡಿಕೆಗಳನ್ನು ರಸೀದಿಯ ಮೇಲೆ ನಮೂದಿಸಿ ಸಹಿ ಪಡೆಯಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಬೇಕು. ಇಂತಹ ಹಳೆಯ ಛಾಯಾಚಿತ್ರಕ್ಕೆ ಮೊದಲು ಪ್ರತಿ ತೆಗೆಸಿ, ಪ್ರತಿಗೇ ಕಟ್ಟು ಹಾಕಿಸುವಂತೆ ಸೂಚಿಸುವುದು ಇನ್ನೂ ಉತ್ತಮ.

ಅದೇ ಅಧಿನಿಯಮದ 170ನೆಯ ಕಲಮು ಅಂಗಡಿಯವನಿಗೂ ರಕ್ಷಣೆ ನೀಡಿದೆ. ಬೇರೆ ಕರಾರು ಇಲ್ಲದಿದ್ದರೆ, ತನ್ನ ಶ್ರಮ ಅಥವಾ ಕೌಶಲವನ್ನು ವ್ಯಯಿಸಿದ ವಸ್ತುವನ್ನು ಕೂಲಿ ಸಲ್ಲುವವರೆಗೆ ತನ್ನಲ್ಲಿಯೇ ಇಟ್ಟುಕೊಳ್ಳಬಹುದು. ಆದರೆ ಇದು ಇಟ್ಟುಕೊಳ್ಳುವ ಹಕ್ಕೇ ಹೊರತು ಮಾರುವ ಹಕ್ಕಲ್ಲ. ವರ್ಷಗಟ್ಟಲೆ ಒಯ್ಯದೆ ಬಿಟ್ಟ ಚಿತ್ರಗಳು ಅಟ್ಟದಲ್ಲಿ ತುಂಬುವುದನ್ನು ತಪ್ಪಿಸಲು ಅರ್ಧದಷ್ಟು ಮುಂಗಡ ಪಡೆಯುವುದೇ ಸರಳ ಉಪಾಯ. ಅರ್ಧ ಹಣ ಕೊಟ್ಟವರು ಬಹುತೇಕ ತಪ್ಪದೆ ಬರುತ್ತಾರೆ.

ತೆರಿಗೆ ಮತ್ತು ಬಾಕಿ ವಸೂಲಿ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಿಂದ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಕೇವಲ ಸರಕು ಪೂರೈಸುವವರಿಗೆ ನೋಂದಣಿಯ ಸಾಮಾನ್ಯ ಮಿತಿ 40 ಲಕ್ಷ ರೂಪಾಯಿ ವಾರ್ಷಿಕ ವಹಿವಾಟು. ಸೇವೆಯೂ ಸೇರಿದ್ದರೆ 20 ಲಕ್ಷ. ಸಿದ್ಧ ಚೌಕಟ್ಟಿನ ಮಾರಾಟ ಸರಕೆಂಬುದು ಸ್ಪಷ್ಟ. ಗಿರಾಕಿಯದೇ ವಸ್ತುವಿನ ಮೇಲೆ ಮಾಡುವ ಕೆಲಸದಲ್ಲಿ ಸೇವೆಯ ಅಂಶವಿರಬಹುದು. ಆದುದರಿಂದ ಎರಡನ್ನೂ ಪ್ರತ್ಯೇಕವಾಗಿ ಬರೆದಿಟ್ಟು, ಮಿತಿಯ ಸಮೀಪ ಬರುವ ಮೊದಲೇ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಕ್ಷೇಮ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನೂ ಹಿಂಪಡೆಯುವಂತಿಲ್ಲ. ಆ ಮೊತ್ತವನ್ನು ವೆಚ್ಚದ ಪಟ್ಟಿಯಲ್ಲಿಯೇ ಸೇರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳನ್ನು ಕೈಬಿಟ್ಟಿರುವುದರಿಂದ ಹಳೆಯ ದರಪಟ್ಟಿಗಳನ್ನು ತಿದ್ದಿರದಿದ್ದರೆ ಕೂಡಲೇ ತಿದ್ದತಕ್ಕದ್ದು.

ಹೋಟೆಲು, ಕಚೇರಿಗಳಿಗೆ ಸಗಟಾಗಿ ಚೌಕಟ್ಟು ತಯಾರಿಸಿ ಒದಗಿಸುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಅಪೇಕ್ಷಣೀಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಕರಾರು ಇದ್ದರೂ 45 ದಿನಗಳನ್ನು ಮೀರಿ ಹಣ ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ.

ಉಪಸಂಹಾರ

ದರವನ್ನು ಒಮ್ಮೆಲೇ ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನೆಂಬ ಭಯ ಸಹಜ. ಅದಕ್ಕೆ ಪರಿಹಾರ ನಷ್ಟದ ದರವಲ್ಲ, ಆಯ್ಕೆಯ ಪಟ್ಟಿ: ಮೌಂಟ್ ಇಲ್ಲದ, ಕಿರಿದಾದ ಪಟ್ಟಿಯ ಸರಳ ಕಟ್ಟು; ಮೌಂಟ್ ಇರುವ ಮಧ್ಯಮ ಕಟ್ಟು; ಆಮ್ಲರಹಿತ ಸಾಮಗ್ರಿಯ ಉತ್ತಮ ಕಟ್ಟು. ಗಿರಾಕಿ ತನ್ನ ಶಕ್ತಿಗೆ ತಕ್ಕುದನ್ನು ಆರಿಸಲಿ. ಪ್ರತಿಯೊಂದರಲ್ಲಿಯೂ ವೆಚ್ಚ ಮತ್ತು ಲಾಭ ಹುಟ್ಟುವಂತಿರಲಿ. ಆರಂಭಕ್ಕೆ ಒಂದು ತಿಂಗಳ ಕಾಲ ಪ್ರತಿ ಕೆಲಸಕ್ಕೂ ತಗಲಿದ ಪಟ್ಟಿಯ ಉದ್ದ ಮತ್ತು ನಿಮಿಷಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಯಾವ ಕೆಲಸ ಅಂಗಡಿಯನ್ನು ಸಾಕುತ್ತಿದೆ, ಯಾವುದು ಅಂಗಡಿಯನ್ನು ತಿನ್ನುತ್ತಿದೆ ಎಂಬುದು ಆ ಪುಸ್ತಕದಿಂದಲೇ ತಿಳಿದುಬರುತ್ತದೆ.